ಹುಬ್ಬು ತೀಡಿದ್ದು ಗೊತ್ತಾಗಬಾರದು: ಪೆನ್ಸಿಲ್, ಪೌಡರ್, ಜೆಲ್ ಆರಿಸಿ ಹಚ್ಚುವ ಸಮಗ್ರ ಮಾರ್ಗದರ್ಶಿ

ಹುಬ್ಬಿನ ಮೇಕಪ್ಪಿಗೆ ಇರುವುದು ಒಂದೇ ಪರೀಕ್ಷೆ. ನೋಡಿದವರು "ಇವತ್ತು ಮುಖ ಕಳೆಕಳೆಯಾಗಿದೆ" ಅನ್ನಬೇಕು. "ಹುಬ್ಬಿಗೆ ಏನೇ ಹಚ್ಕೊಂಡಿದ್ದೀಯಾ?" ಅಂತ ಕೇಳಬಾರದು. ನಮ್ಮ ಮೈಸೂರು, ಮಂಡ್ಯದ ಮದುವೆ ಮನೆಗಳಲ್ಲಿ ಎರಡನೇ ಮಾತೇ ಜಾಸ್ತಿ ಕಿವಿಗೆ ಬೀಳುತ್ತದೆ. ರೇಷ್ಮೆ ಸೀರೆ, ಜಡೆ, ಒಡವೆ ಎಲ್ಲ ಸೊಗಸಾಗಿರುತ್ತವೆ. ನಡುವೆ ಹಣೆಯ ಮೇಲೆ ಎರಡು ಕಪ್ಪು ಪಟ್ಟಿ.

ಹೀಗಾಗುವುದಕ್ಕೆ ಕೈ ಬರದಿರುವುದು ಕಾರಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಕಾರಣ ಬೇರೆ. ಮೊದಲು ಪೆನ್ಸಿಲ್ ಕೊಂಡು ಆಮೇಲೆ ಹುಬ್ಬು ನೋಡಿಕೊಳ್ಳುತ್ತೇವೆ. ಅದು ತಿರುಗುಮುರುಗಾಗಬೇಕು. ನಿಮ್ಮ ಹುಬ್ಬಿನಲ್ಲಿ ಏನಿಲ್ಲ ಅನ್ನುವುದು ಗೊತ್ತಾದರೆ ಏನು ಕೊಳ್ಳಬೇಕು, ಎಲ್ಲಿ ಹಚ್ಚಬೇಕು ಎರಡೂ ತಾನಾಗಿ ಗೊತ್ತಾಗುತ್ತದೆ. ಇರುವ ಹುಬ್ಬಿನ ಮೇಲೆ ಇನ್ನೊಂದು ಹುಬ್ಬು ಬರೆಯುವ ಅಗತ್ಯ ಯಾರಿಗೂ ಇಲ್ಲ.

ಮೊದಲು ಕಿಟಕಿ, ಆಮೇಲೆ ಅಂಗಡಿ

ಬೆಳಿಗ್ಗೆ ಮುಖ ತೊಳೆದು, ಎಣ್ಣೆ ಕ್ರೀಮ್ ಏನೂ ಹಚ್ಚದೆ, ಕನ್ನಡಿ ಹಿಡಿದು ಕಿಟಕಿಯ ಎದುರು ಕೂರಿ. ಟ್ಯೂಬ್‌ಲೈಟ್ ಬೇಡ. ಬೆಳಕು ಪಕ್ಕದಿಂದ ಬಂದರೆ ಒಂದು ಹುಬ್ಬು ದಟ್ಟ, ಇನ್ನೊಂದು ತೆಳ್ಳಗೆ ಕಂಡು ದಾರಿ ತಪ್ಪಿಸುತ್ತದೆ. ಎದುರಿನಿಂದಲೇ ಬರಬೇಕು. ಒಂದು ಒಣ ಬ್ರಷ್‌ನಿಂದ ಕೂದಲನ್ನು ಮೇಲಕ್ಕೆ ಬಾಚಿ. ಹಳೆಯ ಮಸ್ಕಾರದ ಕಡ್ಡಿಯನ್ನು ಶಾಂಪೂ ಹಾಕಿ ಚೆನ್ನಾಗಿ ತೊಳೆದು ಒಣಗಿಸಿಕೊಂಡರೆ ಅದೇ ಸಾಕು. ಅಂಗಡಿಯಲ್ಲಿ ಇಂಥದ್ದನ್ನೇ ಸ್ಪೂಲಿ ಅಂತ ಮಾರುತ್ತಾರೆ.

ಈಗ ನೋಡಿ. ಕೆಲವರಿಗೆ ಕೂದಲು ಧಾರಾಳವಾಗಿರುತ್ತದೆ, ಆದರೆ ಒಂದೊಂದು ಒಂದೊಂದು ಕಡೆ ತಿರುಗಿರುತ್ತದೆ. ಇವರಿಗೆ ಬಣ್ಣವೇ ಬೇಡ, ಕೂರಿಸುವ ಜೆಲ್ ಸಾಕು. ಇನ್ನು ಕೆಲವರ ಹುಬ್ಬು ಒಟ್ಟಾರೆ ಸರಿಯಿದ್ದು ಮಧ್ಯೆ ಒಂದೆರಡು ಖಾಲಿ ಜಾಗ ಇರುತ್ತದೆ. ಚಿಕ್ಕಂದಿನಲ್ಲಿ ಬಿದ್ದ ಗಾಯದ ಗುರುತು, ಪಾರ್ಲರಿನಲ್ಲಿ ದಾರ ಜಾಸ್ತಿ ಎಳೆದ ಜಾಗ, ಹೀಗೆ. ಇವರಿಗೆ ತೆಳು ಮೊನೆಯ ಪೆನ್ಸಿಲ್. ಮೂರನೆಯವರದು ಇಡೀ ಹುಬ್ಬು ತೆಳು, ಕೂದಲ ನಡುವೆ ಚರ್ಮ ಉದ್ದಕ್ಕೂ ಕಾಣುತ್ತದೆ. ಇವರಿಗೆ ಪೌಡರ್. ಕೊನೆಯದು ಹುಬ್ಬಿನ ಬಾಲವೇ, ಅಂದರೆ ಕಿವಿಯ ಕಡೆಯ ತುದಿಯೇ ಇಲ್ಲದವರು. ಇವರಿಗೆ ಗಟ್ಟಿಯಾಗಿ ನಿಲ್ಲುವ ಪೊಮೇಡ್ ಅನ್ನುವ ಕ್ರೀಮ್ ಅಥವಾ ಸ್ಕೆಚ್ ಪೆನ್ನಿನಂಥ ಐಬ್ರೋ ಪೆನ್ ಬೇಕಾಗುತ್ತದೆ, ಅದೂ ಬಾಲಕ್ಕೆ ಮಾತ್ರ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ ಇತ್ತೀಚೆಗೆ ತಾನಾಗಿ ಉದುರಿದ್ದರೆ ಅದನ್ನು ಮೇಕಪ್ಪಿನಲ್ಲಿ ಮುಚ್ಚಿ ಸುಮ್ಮನಾಗಬೇಡಿ. ಥೈರಾಯ್ಡ್ ಕಡಿಮೆಯಾದಾಗ ಹೀಗಾಗುವುದುಂಟು. ದುಂಡಗೆ ಒಂದೇ ಕಡೆ ಕೂದಲು ಹೋಗಿದ್ದರೆ, ಹುಬ್ಬಿನ ಜಾಗದ ಚರ್ಮಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ, ಹೊಟ್ಟು ಎದ್ದು ತುರಿಸುತ್ತಿದ್ದರೆ ಮೊದಲು ಚರ್ಮದ ಡಾಕ್ಟರ್, ಆಮೇಲೆ ಫ್ಯಾನ್ಸಿ ಸ್ಟೋರ್.

ಯಾವುದು ಯಾವ ಕೆಲಸಕ್ಕೆ

ಹೊಸಬರು ಪೆನ್ಸಿಲ್ಲಿನಿಂದ ಶುರು ಮಾಡುವುದು ಒಳ್ಳೆಯದು. ಆದರೆ ಯಾವ ಪೆನ್ಸಿಲ್? ಮರದ ದಪ್ಪ ಪೆನ್ಸಿಲ್ ಅಗ್ಗ, ಆದರೆ ಎರಡು ದಿನಕ್ಕೆ ಮೊನೆ ಮೊಂಡಾಗುತ್ತದೆ. ಮೊಂಡು ಮೊನೆಯಲ್ಲಿ ಕೂದಲಿನಂಥ ಗೆರೆ ಬರುವುದಿಲ್ಲ, ಪಟ್ಟಿ ಬರುತ್ತದೆ. ತಿರುಗಿಸಿದರೆ ಹೊರಬರುವ ತೆಳು ಕಡ್ಡಿಯ ಪೆನ್ಸಿಲ್ ಸ್ವಲ್ಪ ದುಬಾರಿ, ಬೇಗ ಖಾಲಿಯೂ ಆಗುತ್ತದೆ. ಆದರೂ ಕಾಸಿಗೆ ತಕ್ಕ ಕೆಲಸ ಮಾಡುತ್ತದೆ. ಕಡ್ಡಿ ಮೇಣದಂತೆ ಗಟ್ಟಿಯಾಗಿರಬೇಕು. ಕೈ ಮೇಲೆ ಎಳೆದರೆ ಮೊದಲ ಸಲಕ್ಕೆ ಮಂಕಾಗಿ, ಎರಡನೇ ಸಲಕ್ಕೆ ಸ್ವಲ್ಪ ಗಾಢವಾಗಿ ಬರಬೇಕು. ಮುಟ್ಟಿದ ತಕ್ಷಣ ಬೆಣ್ಣೆಯಂತೆ ಕರಗಿ ಗಾಢ ಗೆರೆ ಬಿದ್ದರೆ ಅದು ಕಣ್ಣಿಗೆ ಸರಿ, ಹುಬ್ಬಿಗಲ್ಲ.

ಅದಕ್ಕೇ ಕಾಡಿಗೆ ಬೇಡ ಅನ್ನುವುದು. ನಮ್ಮ ಕಡೆ ಕಾಡಿಗೆ ಡಬ್ಬಿಯೋ ಕಾಜಲ್ ಕಡ್ಡಿಯೋ ಕೈಗೆ ಸಿಕ್ಕಿದ್ದನ್ನು ಹುಬ್ಬಿಗೂ ಎಳೆಯುವ ಅಭ್ಯಾಸ ಹಳೆಯದು. ಕಾಡಿಗೆ ಅಂದರೆ ಮಸಿ ಮತ್ತು ಎಣ್ಣೆ ಅಥವಾ ತುಪ್ಪ. ಮೆತ್ತಗೆ ಹರಡುವುದೇ ಅದರ ಗುಣ. ಹಣೆ ಬೆವರಿದರೆ ಅದು ಕೆಳಗಿಳಿದು ರೆಪ್ಪೆಗೆ ಬರುತ್ತದೆ. ಜೊತೆಗೆ ಅಪ್ಪಟ ಕಪ್ಪು.

ಪೌಡರ್ ನನಗೆ ಅಚ್ಚುಮೆಚ್ಚು. ಓರೆ ಕತ್ತರಿಸಿದ ಪುಟ್ಟ ಬ್ರಷ್‌ನಲ್ಲಿ ಹಚ್ಚಿದರೆ ಗೆರೆಯೇ ಬೀಳುವುದಿಲ್ಲ, ನೆರಳಿನಂತೆ ಕೂರುತ್ತದೆ. ಜಾಸ್ತಿಯಾದರೆ ಒರೆಸಿದರೆ ಹೋಗುತ್ತದೆ. ಹೊಳಪಿಲ್ಲದ ಕಂದು ಬಣ್ಣದ ಐಶ್ಯಾಡೋ ಮನೆಯಲ್ಲಿದ್ದರೆ ಅದೇ ಆಗುತ್ತದೆ, ಬೇರೆ ಕೊಳ್ಳಬೇಕಾಗಿಲ್ಲ. ಹೊಳಪಿರುವುದು ಮಾತ್ರ ಬೇಡ, ಬಿಸಿಲಿಗೆ ಹುಬ್ಬು ಮಿನುಗುತ್ತದೆ. ಪೌಡರಿನ ಕೊರತೆ ಒಂದೇ. ಕೂದಲೇ ಇಲ್ಲದ ಜಾಗದಲ್ಲಿ ಅದಕ್ಕೆ ಹಿಡಿತ ಇಲ್ಲ, ಬೆವರು ಬಂದರೆ ಬೇಗ ಹೋಗುತ್ತದೆ.

ಪೊಮೇಡ್ ಅಂದರೆ ಪುಟ್ಟ ಡಬ್ಬಿಯಲ್ಲಿ ಬರುವ ಗಟ್ಟಿ ಕ್ರೀಮ್. ಹಚ್ಚಿದ ಸ್ವಲ್ಪ ಹೊತ್ತಿಗೆ ಒಣಗಿ ಅಂಟಿಕೊಳ್ಳುತ್ತದೆ. ಬೆವರಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಬಣ್ಣ ಬಲು ಗಾಢ. ಬ್ರಷ್‌ನ ತುದಿಗೆ ಸಾಸಿವೆ ಕಾಳಿಗಿಂತ ಕಡಿಮೆ ತೆಗೆದುಕೊಂಡರೂ ಎರಡೂ ಹುಬ್ಬಿಗೆ ಆಗಿ ಉಳಿಯುತ್ತದೆ. ಫೋಟೋದಲ್ಲಿ ಕಾಣುವ ಕಪ್ಪು ಪಟ್ಟಿಗಳಲ್ಲಿ ಹೆಚ್ಚಿನವು ಪೊಮೇಡಿನ ಕೈವಾಡ. ಡಬ್ಬಿ ಮುಚ್ಚಳ ಸರಿಯಾಗಿ ಹಾಕದಿದ್ದರೆ ಒಳಗಿನ ಆರುವ ದ್ರವ ಹೋಗಿ ಬಿರುಕು ಬಿಡುತ್ತದೆ. ದಿನಾ ಹಚ್ಚುವವರಲ್ಲದಿದ್ದರೆ ಕೊಳ್ಳಲೇಬೇಡಿ.

ಜೆಲ್‌ನಲ್ಲಿ ಎರಡು ಬಗೆ: ಬಣ್ಣ ಇಲ್ಲದ್ದು, ಬಣ್ಣ ಇರುವುದು. ಕಾಲೇಜಿಗೆ, ಆಫೀಸಿಗೆ ಹೋಗುವವರಿಗೆ ತೆಳು ಕಂದು ಜೆಲ್ ಒಂದೇ ಸಾಕಾಗುತ್ತದೆ. ಅದು ಕೂದಲಿಗೆ ಮಾತ್ರ ಹತ್ತಿ ಪ್ರತಿ ಕೂದಲನ್ನೂ ಒಂದಿಷ್ಟು ದಪ್ಪ ಮಾಡುತ್ತದೆ. ಜೆಲ್ ಬದಲು ಸೋಪನ್ನು ಒದ್ದೆ ಬ್ರಷ್‌ಗೆ ಉಜ್ಜಿ ಹಚ್ಚುವ ವಿಡಿಯೋಗಳು ಬರುತ್ತಿರುತ್ತವೆ. ನಮ್ಮದು ಗಂಧದೆಣ್ಣೆಯ ಊರು, ಸೋಪಿನ ಮೇಲೆ ಪ್ರೀತಿ ಇದೆ, ನಿಜ. ಆದರೂ ಮೈಗೆ ಹಚ್ಚುವ ಸೋಪು ಹುಬ್ಬಿಗೆ ಬೇಡ. ಒಣಗಿದರೆ ಬಿಳಿ ಪುಡಿ ಕಾಣುತ್ತದೆ. ಬೆವರಿನ ಜೊತೆ ಇಳಿದರೆ ಕಣ್ಣು ಉರಿಯುತ್ತದೆ.

ಬಣ್ಣದ ವಿಷಯ, ಸ್ವಲ್ಪ ನಿಧಾನವಾಗಿ

ಅಂಗಡಿಯಲ್ಲಿ ಐಬ್ರೋ ಪೆನ್ಸಿಲ್ ಕೇಳಿದರೆ "ಬ್ಲ್ಯಾಕೇ ತಗೊಳಿ ಅಕ್ಕ, ಎಲ್ಲಾರೂ ಅದೇ ತಗೊಳ್ಳೋದು" ಅಂತಾರೆ. ಕೂದಲು ಕಪ್ಪು, ಹಾಗಾಗಿ ಪೆನ್ಸಿಲ್ಲೂ ಕಪ್ಪು. ಲೆಕ್ಕ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ನೀವು ಬಣ್ಣ ಹಚ್ಚುವುದು ಕೂದಲಿಗಲ್ಲ, ಕೂದಲಿನ ನಡುವಿನ ಚರ್ಮಕ್ಕೆ. ದೂರದಿಂದ ನೋಡುವವರ ಕಣ್ಣಿಗೆ ಹುಬ್ಬಿನ ಬಣ್ಣ ಅಂದರೆ ಕಪ್ಪು ಕೂದಲು ಮತ್ತು ನಡುವೆ ಇಣುಕುವ ಚರ್ಮ, ಎರಡೂ ಸೇರಿದ್ದು. ಅದು ಅಪ್ಪಟ ಕಪ್ಪಾಗಿರುವುದೇ ಇಲ್ಲ. ಚರ್ಮದ ಮೇಲೂ ಕಪ್ಪು ಬಿದ್ದರೆ ಕೂದಲು ಯಾವುದು, ಸಂದು ಯಾವುದು ತಿಳಿಯದೆ ಎಲ್ಲ ಒಂದೇ ಮುದ್ದೆಯಾಗುತ್ತದೆ. ಕೂದಲಿನ ನೆರಳು ಚರ್ಮದ ಮೇಲೆ ಬಿದ್ದರೆ ಯಾವ ಬಣ್ಣ ಕಾಣುತ್ತದೋ ಆ ಬಣ್ಣ ಬೇಕು.

ಕಪ್ಪು ಕೂದಲಿನ ಗೋಧಿ ಬಣ್ಣದವರಿಗೆ ಗಾಢ ಕಂದು. ತೀರಾ ಬೆಳ್ಳಗಿದ್ದರೆ ಅದಕ್ಕಿಂತ ಅರ್ಧ ಮೆಟ್ಟಿಲು ತಿಳಿ. ಮೈಬಣ್ಣ ಕಪ್ಪಾಗಿರುವವರಿಗೆ ಸಾಧಾರಣ ಕಂದು ಹಚ್ಚಿದರೆ ಬೂದಿ ಬಳಿದಂತೆಯೋ ಕೆಂಪಗೋ ಕಾಣುತ್ತದೆ. ಅವರಿಗೆ ಕಾಫಿ ಡಿಕಾಕ್ಷನ್ ಬಣ್ಣ ಅಥವಾ ಮಂಕು ಕಪ್ಪು ಒಪ್ಪುತ್ತದೆ. ಪ್ಯಾಕೆಟ್ ಮೇಲೆ ಸಾಫ್ಟ್ ಬ್ಲ್ಯಾಕ್, ಎಸ್ಪ್ರೆಸೊ ಅಂತೆಲ್ಲ ಬರೆದಿರುತ್ತಾರೆ. ತಲೆಗೂದಲಿಗೆ ಮೆಹೆಂದಿ ಹಚ್ಚಿ ಕೆಂಪಗೆ ಮಾಡಿಕೊಂಡವರೂ ಹುಬ್ಬನ್ನು ಕೆಂಪು ಮಾಡಲು ಹೋಗಬೇಡಿ. ಬೇಕಿದ್ದರೆ ಗಾಢ ಕಂದಿನಿಂದ ಒಂದು ಬಣ್ಣ ಕೆಳಗಿಳಿಯಿರಿ, ಅಷ್ಟೇ.

ಗಾಢ, ತಿಳಿ ಅನ್ನುವುದಕ್ಕಿಂತ ಮುಖ್ಯವಾದದ್ದು ಒಳಗಿನ ಛಾಯೆ. ಮೇಕಪ್ಪಿನ ಕಂದು ಬಣ್ಣಗಳು ಸಾಮಾನ್ಯವಾಗಿ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳ ಮಿಶ್ರಣ. ಲೇಬಲ್ಲಿನಲ್ಲಿ ಇವು 77491, 77492, 77499 ಅನ್ನುವ ಸಂಖ್ಯೆಗಳಾಗಿ ಕಾಣುತ್ತವೆ. ಕೆಂಪು ಜಾಸ್ತಿಯಾದರೆ ಹುಬ್ಬು ಇಟ್ಟಿಗೆ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಚರ್ಮದ ಎಣ್ಣೆ, ಬೆವರು ಸೇರಿದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಲೇಬಲ್ಲು ಯಾವುದು ಎಷ್ಟು ಅಂತ ಹೇಳುವುದಿಲ್ಲ. ಹಾಗಾಗಿ ಎಳೆದೇ ನೋಡಬೇಕು.

ದೇವರಾಜ ಅರಸ್ ರಸ್ತೆಯ ಶೋರೂಮೋ, ಶಿವರಾಂಪೇಟೆಯ ಅಂಗಡಿಯೋ, ಮಂಡ್ಯದ ಪೇಟೆ ಬೀದಿಯ ಫ್ಯಾನ್ಸಿ ಸ್ಟೋರೋ, ಎಲ್ಲೇ ಕೊಂಡರೂ ವಿಧಾನ ಒಂದೇ. ಟೆಸ್ಟರ್ ಕೇಳಿ. ಮುಂಗೈ ಒಳಬದಿಯಲ್ಲಿ ಎರಡು ಮೂರು ಬಣ್ಣದ ಗೆರೆ ಎಳೆಯಿರಿ. ಗಟ್ಟಿ ಗೆರೆ ನೋಡಿ ಏನೂ ಗೊತ್ತಾಗುವುದಿಲ್ಲ. ಬೆರಳಲ್ಲಿ ಉಜ್ಜಿ ತೆಳುವಾಗಿ ಹರಡಿ, ಅಂಗಡಿ ಬಾಗಿಲ ಹೊರಗೆ ಬಂದು ಹಗಲು ಬೆಳಕಿನಲ್ಲಿ ನೋಡಿ. ಹರಡಿದಾಗ ಕೆಂಪೋ ಕಿತ್ತಳೆಯೋ ಕಂಡರೆ ಬಿಡಿ. ಬೂದು ಕಡೆಗೆ ವಾಲುವ ತಣ್ಣನೆಯ ಕಂದು ಕಂಡರೆ ಅದು ನಿಮ್ಮದು. ಎರಡು ಬಣ್ಣದ ನಡುವೆ ಮನಸ್ಸು ಹೊಯ್ದಾಡಿದರೆ ತಿಳಿ ಬಣ್ಣದ್ದನ್ನೇ ತೆಗೆದುಕೊಳ್ಳಿ. ಟೆಸ್ಟರನ್ನು ನೇರ ಹುಬ್ಬಿಗೆ ತಾಗಿಸಬೇಡಿ, ನಿಮಗಿಂತ ಮುಂಚೆ ಎಷ್ಟು ಜನ ತಾಗಿಸಿದ್ದಾರೋ.

ಪ್ಯಾಕೆಟ್ ತಿರುಗಿಸಿ ಓದಿ

ಕಣ್ಣಿಗೆ ಹತ್ತಿರ ಹಚ್ಚುವ ವಸ್ತು ಇದು. ಭಾರತದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರ್, ಎಷ್ಟರೊಳಗೆ ಬಳಸಬೇಕು ಎಲ್ಲ ಲೇಬಲ್ಲಿನಲ್ಲಿ ಇರಬೇಕು. ಇಲ್ಲಿ ತಯಾರಾದದ್ದಕ್ಕೆ ಲೈಸೆನ್ಸ್ ನಂಬರ್, ಹೊರದೇಶದಿಂದ ಬಂದದ್ದಕ್ಕೆ ನೋಂದಣಿ ನಂಬರ್ ಮತ್ತು ಆಮದು ಮಾಡಿದವರ ವಿಳಾಸ ಬೇಕು. ಸೀಸ, ಆರ್ಸೆನಿಕ್ ಇರುವ ಬಣ್ಣಗಳನ್ನು ಈ ನಿಯಮಗಳು ನಿಷೇಧಿಸಿವೆ. ಸಂತೆಯಲ್ಲಿ, ಜಾತ್ರೆಯಲ್ಲಿ, ದಸರಾ ವಸ್ತುಪ್ರದರ್ಶನದ ಸಾಲು ಮಳಿಗೆಗಳಲ್ಲಿ ರಾಶಿ ಹಾಕಿ ಮಾರುವ ಪೆನ್ಸಿಲ್ ಎತ್ತಿಕೊಂಡರೆ ಇವನ್ನು ಹುಡುಕಿ ನೋಡಿ. ದೊಡ್ಡ ಕಂಪನಿಯ ಹೆಸರಿದ್ದು ವಿಳಾಸವೇ ಇಲ್ಲದಿದ್ದರೆ ಅದು ಆ ಕಂಪನಿಯದ್ದಲ್ಲ. ಅಲ್ಲಿ ಬಳೆ ಕೊಳ್ಳಿ, ಪೆನ್ಸಿಲ್ ಬೇಡ.

ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರ, ಅದರೊಳಗೆ 6, 12, 24 ಅಂತ ಅಂಕಿ ಇರುತ್ತದೆ. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಅಂತ ಅದರ ಅರ್ಥ. ಹೊಸದನ್ನು ತಂದಾಗ ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ಒಂದೆರಡು ದಿನ ನೋಡಿ. ಕೆಂಪಾಗಿ ತುರಿಸಿದರೆ ಹುಬ್ಬಿಗೆ ಹಚ್ಚಬೇಡಿ. ಮದುವೆಯ ಬೆಳಿಗ್ಗೆ ಮೊದಲ ಸಲ ತೆರೆಯುವುದಂತೂ ಬೇಡವೇ ಬೇಡ.

ಆಕಾರ: ಬೊಟ್ಟೇ ಅಳತೆಗೋಲು

ಹುಬ್ಬು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಅನ್ನುವುದಕ್ಕೆ ಒಂದು ಪೆನ್ನು ಸಾಕು. ಮೂಗಿನ ಹೊಳ್ಳೆಯ ಹೊರ ಅಂಚಿಗೆ ಪೆನ್ನಿನ ತುದಿ ಇಟ್ಟು ನೆಟ್ಟಗೆ ಮೇಲಕ್ಕೆ ಹಿಡಿಯಿರಿ. ಹುಬ್ಬಿಗೆ ತಾಗುವ ಜಾಗವೇ ಅದರ ತಲೆ. ಕೆಳಗಿನ ತುದಿ ಅಲ್ಲೇ ಇಟ್ಟುಕೊಂಡು ಪೆನ್ನನ್ನು ಕಣ್ಣಿನ ಹೊರ ಮೂಲೆಯ ಕಡೆ ವಾಲಿಸಿ. ಅದು ಹಾದುಹೋಗುವಲ್ಲಿ ಬಾಲ ಮುಗಿಯಬೇಕು. ನಡುವೆ, ನೇರ ನೋಡುವಾಗ ಕಣ್ಣಿನ ಕಪ್ಪು ಭಾಗದ ಹೊರ ಅಂಚಿನ ಮೇಲೆ ಕಮಾನು ಬರುತ್ತದೆ. ಇದು ಅಂದಾಜು, ಕಾನೂನಲ್ಲ. ಮೂಗು ಅಗಲವಾಗಿದ್ದರೆ ಈ ಅಳತೆಯಲ್ಲಿ ಹುಬ್ಬುಗಳು ತೀರಾ ದೂರ ಹೋಗುತ್ತವೆ. ಆಗ ಕಣ್ಣಿನ ಒಳ ಮೂಲೆಯ ನೇರಕ್ಕೆ ಶುರು ಮಾಡಿ.

ನಮ್ಮ ಹೆಂಗಸರಿಗೆ ಒಂದು ಅನುಕೂಲ ಇದೆ. ಬೊಟ್ಟು. ಮೇಕಪ್ ಶುರು ಮಾಡುವ ಮೊದಲೇ ಹುಬ್ಬುಗಳ ಸರಿಯಾಗಿ ನಡುವೆ ಒಂದು ಪುಟ್ಟ ಸ್ಟಿಕ್ಕರ್ ಇಟ್ಟುಕೊಳ್ಳಿ. ಎರಡೂ ಹುಬ್ಬಿನ ತಲೆ ಅದರಿಂದ ಒಂದೇ ದೂರದಲ್ಲಿದೆಯೇ ಅಂತ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಕುಂಕುಮ ಇಡುವವರು ಹುಬ್ಬು ಮುಗಿದ ಮೇಲೆ ಸ್ಟಿಕ್ಕರ್ ತೆಗೆದು ಇಟ್ಟುಕೊಳ್ಳಬಹುದು. ಮೊದಲೇ ಪುಡಿ ಕುಂಕುಮ ಇಟ್ಟರೆ ಬ್ರಷ್ ತಾಗಿ ಹುಬ್ಬಿಗೆಲ್ಲ ಕೆಂಪು ಹತ್ತುತ್ತದೆ. ಬೊಟ್ಟು ದೊಡ್ಡದಿಡುವ ಅಭ್ಯಾಸವಿದ್ದರೆ ಹುಬ್ಬಿನ ತಲೆ ಕಡೆ ಬಣ್ಣ ಇನ್ನೂ ಕಡಿಮೆ ಹಚ್ಚಿ. ಅಲ್ಲಿ ಮೂರು ಗಾಢ ಗುರುತು ಒಟ್ಟಿಗೆ ಬಂದರೆ ಮುಖ ಸಿಡುಕಾಗಿ ಕಾಣುತ್ತದೆ.

ಥ್ರೆಡ್ಡಿಂಗ್ ಬಗ್ಗೆ ಎರಡು ಮಾತು. ಸಮಾರಂಭಕ್ಕೆ ಎರಡು ದಿನ ಮೊದಲು ಮಾಡಿಸಿ. ಅದೇ ದಿನ ಮಾಡಿಸಿದರೆ ಕೆಂಪು ಉಳಿದಿರುತ್ತದೆ, ಕಿತ್ತ ಜಾಗಕ್ಕೆ ಮೇಕಪ್ ಉರಿಯುತ್ತದೆ. ಮೊಡವೆಗೆ ರೆಟಿನಾಯ್ಡ್ (ವಿಟಮಿನ್ ಎ ಬಗೆಯ) ಮುಲಾಮು ಹಚ್ಚುತ್ತಿದ್ದರೆ ಪಾರ್ಲರಿನವರಿಗೆ ಮೊದಲೇ ಹೇಳಿ, ಚರ್ಮ ಕಿತ್ತು ಬರಬಹುದು. "ಶೇಪ್ ಮಾಡಿ" ಅಂತ ಸುಮ್ನೆ ಹೇಳಿ ಕಣ್ಣು ಮುಚ್ಚಿಕೊಳ್ಳಬೇಡಿ. "ಕೆಳಗೆ ಮಾತ್ರ ಕ್ಲೀನ್ ಮಾಡಿ, ದಪ್ಪ ಹಾಗೇ ಇರ್ಲಿ" ಅಂತ ಬಿಡಿಸಿ ಹೇಳಿ. ತಪ್ಪಿ ತೆಳ್ಳಗಾದರೆ ಎರಡು ಮೂರು ತಿಂಗಳು ದಾರ ಮುಟ್ಟಿಸದೆ ಬಿಡುವುದೇ ಮದ್ದು. ಹುಬ್ಬಿನ ಕೂದಲು ತಲೆಗೂದಲಿನಂತೆ ವರ್ಷಗಟ್ಟಲೆ ಬೆಳೆಯುವುದಿಲ್ಲ. ಬೆಳೆಯುವ ಕಾಲ ಕೆಲವೇ ವಾರ, ಆಮೇಲೆ ವಿಶ್ರಾಂತಿ. ಅದಕ್ಕೇ ಅದು ಚಿಕ್ಕದಾಗಿರುತ್ತದೆ, ಅದಕ್ಕೇ ಕಿತ್ತದ್ದು ಮರಳಿ ಬರುವುದು ನಿಧಾನ. ಹರಳೆಣ್ಣೆ ಹಚ್ಚಿದರೆ ದಟ್ಟವಾಗಿ ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಕೂದಲು ಹೊಳೆಯುತ್ತದೆ, ಹಾಗಾಗಿ ದಟ್ಟ ಅನ್ನಿಸುತ್ತದೆ. ಹಚ್ಚುವುದಾದರೆ ರಾತ್ರಿ ಹಚ್ಚಿ, ಬೆಳಿಗ್ಗೆ ತೊಳೆಯಿರಿ. ಎಣ್ಣೆಯ ಮೇಲೆ ಪೆನ್ಸಿಲ್ ಕೂರುವುದಿಲ್ಲ.

ಹಚ್ಚುವ ಕ್ರಮ

ಮೊದಲ ಹೆಜ್ಜೆ ಒರೆಸುವುದು. ಮುಖಕ್ಕೆ ಕ್ರೀಮ್, ಸನ್‌ಸ್ಕ್ರೀನ್, ಫೌಂಡೇಶನ್ ಎಲ್ಲ ಮುಗಿದ ಮೇಲೆ ಹುಬ್ಬಿಗೆ ಬನ್ನಿ. ಹುಬ್ಬಿನ ಕೂದಲಲ್ಲಿ ಸೇರಿಕೊಂಡ ಕ್ರೀಮನ್ನು ಟಿಶ್ಯೂನಿಂದ ಒತ್ತಿ ತೆಗೆಯಿರಿ. ಎಣ್ಣೆ ಚರ್ಮದವರು ಮುಖದ ಪೌಡರ್ ಚಿಟಿಕೆ ಮುಟ್ಟಿಸಿಕೊಳ್ಳಬಹುದು. ಇದೊಂದು ಬಿಟ್ಟರೆ ಮುಂದಿನದೆಲ್ಲ ಮಧ್ಯಾಹ್ನದೊಳಗೆ ಜಾರುತ್ತದೆ.

ಎರಡನೆಯದು ಬಾಚುವುದು. ತಲೆಯ ಕಡೆ ಕೂದಲು ಮೇಲಕ್ಕೆ, ಮಧ್ಯದಲ್ಲಿ ಓರೆಯಾಗಿ ಹೊರಕ್ಕೆ, ಬಾಲದಲ್ಲಿ ಸ್ವಲ್ಪ ಕೆಳಕ್ಕೆ. ಕೂದಲು ಹುಟ್ಟಿದ ದಿಕ್ಕು ಇದೇ. ನಿಮ್ಮ ಪೆನ್ಸಿಲ್ಲೂ ಇದೇ ದಿಕ್ಕು ಹಿಡಿಯಬೇಕು.

ಮೂರನೆಯದಕ್ಕೆ ಎಲ್ಲರೂ ಹುಬ್ಬಿನ ತಲೆಯಿಂದ ಶುರು ಮಾಡುತ್ತಾರೆ. ಬೇಡ. ಪೆನ್ಸಿಲ್ ಮೊದಲು ಮುಟ್ಟಿದಲ್ಲಿ ಬಣ್ಣ ಜಾಸ್ತಿ ಬೀಳುತ್ತದೆ. ತಲೆಯೋ ಕಡಿಮೆ ಬಣ್ಣ ಬೇಕಾದ ಜಾಗ. ಕಮಾನಿನ ಕೆಳಗಿಂದ ಶುರು ಮಾಡಿ ಬಾಲದ ಕಡೆ ಹೋಗಿ. ಪೆನ್ಸಿಲ್ಲನ್ನು ಮೊನೆಯ ಹತ್ತಿರ ಹಿಡಿಯದೆ ಹಿಂದಕ್ಕೆ ಹಿಡಿಯಿರಿ, ಕೈ ಭಾರ ತಾನಾಗಿ ಕಡಿಮೆಯಾಗುತ್ತದೆ. ಒಂದು ಕೂದಲಿನಷ್ಟು ಉದ್ದದ ಗೆರೆ, ಎತ್ತು, ಮತ್ತೊಂದು ಗೆರೆ. ಖಾಲಿ ಇದ್ದಲ್ಲಿ ಮಾತ್ರ. ಸುತ್ತ ಅಂಚು ಕೊರೆದು ಒಳಗೆ ತುಂಬುವ ಪದ್ಧತಿ ರಂಗೋಲಿಗೆ ಚೆನ್ನ, ಇಲ್ಲಿ ಅಲ್ಲ. ಮೇಲಿನ ಅಂಚನ್ನಂತೂ ಗೆರೆ ಎಳೆದು ನೇರ ಮಾಡಲೇಬೇಡಿ. ಹುಟ್ಟು ಹುಬ್ಬಿನ ಮೇಲಿನ ಅಂಚು ಯಾವತ್ತೂ ಅಷ್ಟು ನೇರ ಇರುವುದಿಲ್ಲ, ಮೊದಲು ಸಿಕ್ಕಿಬೀಳುವುದು ಅಲ್ಲೇ.

ಪೌಡರ್ ಆದರೆ ಬ್ರಷ್‌ಗೆ ತೆಗೆದುಕೊಂಡು ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಿ. ಚರ್ಮಕ್ಕೆ ಒತ್ತುತ್ತಾ ಹೋಗಿ, ಎಳೆಯಬೇಡಿ. ತೆಳು ಹುಬ್ಬಿನವರಿಗೆ ನಾನು ಹೇಳುವುದು ಎರಡನ್ನೂ ಸೇರಿಸಿ ಅಂತ. ಮೊದಲು ಇಡೀ ಹುಬ್ಬಿಗೆ ತೆಳು ಪೌಡರ್ ನೆರಳು, ಅದರ ಮೇಲೆ ಬಾಲದ ಕಡೆ ಮಾತ್ರ ಪೆನ್ಸಿಲ್ಲಿನ ನಾಲ್ಕಾರು ಗೆರೆ.

ಕಮಾನು, ಬಾಲ ಮುಗಿದ ಮೇಲೆ ಹೊಸದಾಗಿ ಬಣ್ಣ ತೆಗೆದುಕೊಳ್ಳದೆ ಬ್ರಷ್‌ನಲ್ಲಿ ಉಳಿದಿದ್ದನ್ನೇ ಹುಬ್ಬಿನ ತಲೆಗೆ ಸವರಿ. ಪೆನ್ಸಿಲ್ ಆದರೆ ಇಲ್ಲಿ ಮೂರು ನಾಲ್ಕು ಗೆರೆ, ಕೆಳಗಿನಿಂದ ಮೇಲಕ್ಕೆ, ಮುಟ್ಟಿಯೂ ಮುಟ್ಟದಂತೆ. ಹುಬ್ಬಿನ ತಲೆ ಚೌಕಾಕಾರವಾಗಿ ಗಾಢವಾಗಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಮುಖ ಕೋಪದಲ್ಲಿದ್ದಂತೆ ಕಾಣುತ್ತದೆ.

ಒಂದು ಹುಬ್ಬು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಇಲ್ಲಿ ನಾಲ್ಕು ಗೆರೆ, ಅಲ್ಲಿ ನಾಲ್ಕು ಗೆರೆ. ಇಲ್ಲದಿದ್ದರೆ ಎರಡನೆಯದನ್ನು ಮೊದಲನೆಯದಕ್ಕೆ ಸರಿಮಾಡಲು ಹೋಗಿ, ಮತ್ತೆ ಮೊದಲನೆಯದನ್ನು ಎರಡನೆಯದಕ್ಕೆ ಸರಿಮಾಡಿ, ಕೊನೆಗೆ ಎರಡೂ ದಪ್ಪವಾಗುತ್ತವೆ. ಎರಡೂ ಪೂರ್ತಿ ಒಂದೇ ತರ ಆಗಬೇಕಾಗಿಯೂ ಇಲ್ಲ. ಹುಟ್ಟಿನಿಂದಲೇ ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ ಇರುತ್ತದೆ.

ಈಗ ಸ್ಪೂಲಿಯಿಂದ ಎಲ್ಲ ಗೆರೆಗಳ ಮೇಲೂ ಬಾಚಿ. ಬಹಳ ಜನ ಬಿಡುವ ಹೆಜ್ಜೆ ಇದೇ, ಸಹಜವಾಗಿ ಕಾಣಿಸುವುದೂ ಇದೇ. ಗೆರೆಯ ಅಂಚು ಮಸುಕಾಗಿ ಕೂದಲಿನ ಜೊತೆ ಸೇರಿಕೊಳ್ಳುತ್ತದೆ. ಕೊನೆಗೆ ಜೆಲ್. ಕಡ್ಡಿಯನ್ನು ಬಾಟಲಿಯಿಂದ ತೆಗೆದು ಮೊದಲು ಟಿಶ್ಯೂಗೆ ಒರೆಸಿ. ಹಾಗೇ ಹಚ್ಚಿದರೆ ತೊಟ್ಟು ತೊಟ್ಟಾಗಿ ಅಂಟುತ್ತದೆ. ಪೆನ್ಸಿಲ್ ಹಚ್ಚಿದ ಜಾಗದಲ್ಲಿ ಜಾಸ್ತಿ ಉಜ್ಜಬೇಡಿ, ಕೂದಲಿನ ತುದಿ ಮುಟ್ಟಿದರೆ ಸಾಕು.

ಕನ್ನಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ದೊಡ್ಡದು ಮಾಡಿ ತೋರಿಸುವ ಕನ್ನಡಿಯಲ್ಲಿ ಪ್ರತಿ ಸಂದೂ ಗುಂಡಿಯಂತೆ ಕಂಡು ತುಂಬುತ್ತಲೇ ಹೋಗುವಂತಾಗುತ್ತದೆ. ಜನ ನಿಮ್ಮನ್ನು ಅಷ್ಟು ಹತ್ತಿರದಿಂದ ನೋಡುವುದಿಲ್ಲ. ಬಣ್ಣ ಜಾಸ್ತಿಯಾಯಿತು ಅನ್ನಿಸಿದರೆ ನೀರು ಮುಟ್ಟಿಸಬೇಡಿ. ಒಣ ಸ್ಪೂಲಿಯಿಂದ ನಾಲ್ಕೈದು ಸಲ ಬಾಚಿ, ಆಗಲೂ ಹೋಗದಿದ್ದರೆ ಇಯರ್ ಬಡ್‌ನ ತುದಿಗೆ ಚೂರು ಫೌಂಡೇಶನ್ ಹಚ್ಚಿ ಹುಬ್ಬಿನ ಕೆಳ ಅಂಚಿನಲ್ಲಿ ಸವರಿ. ಕೆಳಗೆ ಕಲೆ ಮುಚ್ಚುವ ಬಿಳಿ ಕನ್ಸೀಲರ್ ಎಳೆದು ಚೂಪು ಮಾಡುವುದು ಸ್ಟುಡಿಯೋ ಬೆಳಕಿಗೆ ಸರಿ. ಬಿಸಿಲಲ್ಲಿ ಅದು ಸುಣ್ಣದ ಪಟ್ಟಿ.

ಮದುವೆ, ಬೆವರು, ವೇದಿಕೆ

ನಮ್ಮ ಕಡೆಯ ಮದುಮಗಳ ಹುಬ್ಬಿಗೆ ಮೂರು ಶತ್ರುಗಳು. ಒಂದು ಹಿಂದಿನ ದಿನದ ಅರಿಶಿನ. ಹುಬ್ಬಿನ ಬುಡದಲ್ಲಿ ಹಳದಿ ಉಳಿದರೆ ಮೇಲೆ ಹಚ್ಚುವ ಕಂದು ಬೇರೆಯೇ ಬಣ್ಣವಾಗಿ ಕಾಣುತ್ತದೆ. ಸ್ನಾನದ ಮೊದಲು ಹುಬ್ಬಿಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ಫೇಸ್‌ವಾಶ್ ಹಾಕಿ ತೊಳೆಯಿರಿ. ಎರಡನೆಯದು ಹೋಮದ ಹೊಗೆ. ಕಣ್ಣೀರು ಬಂದಾಗ ಕೈ ತಾನಾಗಿ ಹೋಗಿ ಬಾಲವನ್ನು ಒರೆಸಿಬಿಡುತ್ತದೆ. ಬಾಲಕ್ಕೆ ಪೊಮೇಡ್ ಅಥವಾ ನೀರಿಗೆ ಹೋಗದ ಪೆನ್ ಹಚ್ಚುವುದು ಇದಕ್ಕೇ. ಕಣ್ಣೀರನ್ನು ಟಿಶ್ಯೂನಿಂದ ಕೆಳರೆಪ್ಪೆಯ ಹತ್ತಿರ ಒತ್ತಿ ತೆಗೆಯಿರಿ. ಮೂರನೆಯದು ಬಾಸಿಂಗ. ಹಣೆಗೆ ಕಟ್ಟಿದಾಗ ಅದರ ಕೆಳ ಅಂಚು ಹುಬ್ಬಿಗೆ ಉಜ್ಜುತ್ತದೆ. ಕಟ್ಟುವವರಿಗೆ ಒಂದು ಬೆರಳು ಮೇಲೆ ಕಟ್ಟಿ ಅಂತ ಮೊದಲೇ ಹೇಳಿ. ಬಿಚ್ಚಿದ ಮೇಲೆ ಒಮ್ಮೆ ಬಾಚಿ ಪೆನ್ಸಿಲ್ ಮುಟ್ಟಿಸಲು ಯಾರಾದರೂ ಪಕ್ಕದಲ್ಲಿರಲಿ. ಮುಹೂರ್ತ ಬೆಳಗಿನ ಜಾವಕ್ಕಿದ್ದರೆ ಮೇಕಪ್ ಆಗುವುದು ಕತ್ತಲಲ್ಲಿ, ಬಲ್ಬಿನ ಹಳದಿ ಬೆಳಕಲ್ಲಿ. ಆ ಬೆಳಕಿಗೆ ಸಾಲದು ಅನ್ನಿಸಿ ಜಾಸ್ತಿ ಹಚ್ಚುತ್ತಾರೆ, ಹಗಲಾದ ಮೇಲೆ ಗೊತ್ತಾಗುತ್ತದೆ. ಬಿಳಿ ಬೆಳಕಿನ ದೀಪ ಒಂದಿರಲಿ. ಫ್ಲ್ಯಾಶ್ ಹಾಕಿ ಒಂದು ಫೋಟೋ, ಹಾಕದೆ ಒಂದು ಫೋಟೋ ತೆಗೆದು ನೋಡಿದ ಮೇಲೆ ಎದ್ದೇಳಿ.

ಮದುಮಗನಿಗೂ ಇದೆಲ್ಲ ಆಗುತ್ತದೆ. ಬಣ್ಣವಿಲ್ಲದ ಜೆಲ್, ಸಂದಿದ್ದರೆ ಒಂದಿಷ್ಟು ಪೌಡರ್. ಪೆನ್ಸಿಲ್ ಬೇಡ.

ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಅಲ್ಲಿಂದ ನೇರ ಕೆಲಸಕ್ಕೆ ಹೋಗುವವರು ಇದ್ದಾರೆ. ಅವರು ಹುಬ್ಬಿನ ಕೆಲಸವನ್ನು ಇಳಿದು ಮುಖ ಒರೆಸಿಕೊಂಡ ಮೇಲೆ ಇಟ್ಟುಕೊಳ್ಳುವುದು ವಾಸಿ. ಏಪ್ರಿಲ್ ಬಿಸಿಲಲ್ಲಿ ಬಸ್ಸಿಗೆ ಕಾಯುವವರು ಬೆವರನ್ನು ಕರ್ಚೀಫಿನಿಂದ ಒತ್ತಿ ತೆಗೆಯಬೇಕು. ಉಜ್ಜಿದರೆ ಯಾವ ವಾಟರ್‌ಪ್ರೂಫೂ ನಿಲ್ಲುವುದಿಲ್ಲ. ಭರತನಾಟ್ಯಕ್ಕೆ, ನಾಟಕಕ್ಕೆ ಈ ಲೇಖನದ ಮಾತು ಯಾವುದೂ ನಡೆಯುವುದಿಲ್ಲ. ಕೊನೆ ಸಾಲಿನವರಿಗೂ ಹುಬ್ಬು ಹಾರಿದ್ದು ಕಾಣಬೇಕು. ಅಲ್ಲಿ ಕಪ್ಪೇ ಸರಿ.

ಬಿಳಿ ಕೂದಲು ಬಂದವರಿಗೆ

ಹುಬ್ಬಿನಲ್ಲಿ ಒಂದೆರಡು ಬಿಳಿ ಕೂದಲು ಕಂಡ ತಕ್ಷಣ ತಲೆಗೆ ಕಲಸಿದ ಡೈಯಲ್ಲಿ ಉಳಿದದ್ದನ್ನು ಬ್ರಷ್‌ನಲ್ಲಿ ಹುಬ್ಬಿಗೂ ಎಳೆಯುವವರು ಮನೆಮನೆಯಲ್ಲಿ ಇದ್ದಾರೆ. ದಯವಿಟ್ಟು ಮಾಡಬೇಡಿ. ಡೈ ಪ್ಯಾಕೆಟ್ ಮೇಲಿನ ಎಚ್ಚರಿಕೆ ಓದಿ. ಪಿಪಿಡಿ (ಪ್ಯಾರಾ-ಫಿನೈಲೀನ್‌ಡೈಅಮೈನ್) ಅನ್ನುವ ರಾಸಾಯನಿಕ ಇರುವ ಡೈಗಳ ಮೇಲೆ, ಇದನ್ನು ಹುಬ್ಬಿಗೆ ರೆಪ್ಪೆಗೆ ಹಚ್ಚಬಾರದು, ಹಚ್ಚಿದರೆ ಕುರುಡಾಗಬಹುದು ಅಂತ ಮುದ್ರಿಸುವುದು ಕಡ್ಡಾಯ. ಕಪ್ಪು ಮೆಹೆಂದಿ ಅಂತ ಮಾರುವ ಪುಡಿಗಳಲ್ಲೂ ಇದು ಇರುವುದುಂಟು. ಬಿಳಿ ಕೂದಲಿಗೆ ಬಣ್ಣದ ಜೆಲ್ಲೇ ಸರಿ. ಮೊದಲು ಕೂದಲಿನ ದಿಕ್ಕಿಗೆ ಎದುರಾಗಿ ಒಮ್ಮೆ, ಆಮೇಲೆ ದಿಕ್ಕಿನಲ್ಲಿ ಒಮ್ಮೆ ಬಾಚಿದರೆ ಕೂದಲಿನ ಎರಡೂ ಬದಿಗೆ ಬಣ್ಣ ಹತ್ತುತ್ತದೆ. ಐವತ್ತು ದಾಟಿದವರಿಗೆ ಗಾಢ ಕಂದಿಗಿಂತ ಬೂದು ಮಿಶ್ರಿತ ಕಂದು ಹೆಚ್ಚು ಒಪ್ಪುತ್ತದೆ.

ತೆಗೆಯುವುದು, ಇಟ್ಟುಕೊಳ್ಳುವುದು

ರಾತ್ರಿ ಹತ್ತಿಯ ಉಂಡೆಗೆ ಮೇಕಪ್ ತೆಗೆಯುವ ಕ್ಲೆನ್ಸಿಂಗ್ ಎಣ್ಣೆಯೋ ಮೈಸೆಲ್ಲರ್ ನೀರೋ ಹಾಕಿ ಹುಬ್ಬಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಇಟ್ಟುಕೊಳ್ಳಿ, ಆಮೇಲೆ ಕೂದಲಿನ ದಿಕ್ಕಿನಲ್ಲಿ ಒರೆಸಿ. ತಿಕ್ಕಿದರೆ ಬಣ್ಣದ ಜೊತೆ ಕೂದಲೂ ಬರುತ್ತದೆ. ಹಾಸ್ಟೆಲ್ಲಿನಲ್ಲಿ, ಅಕ್ಕತಂಗಿಯರ ನಡುವೆ ಒಂದೇ ಪೆನ್ಸಿಲ್ ಓಡಾಡುತ್ತದೆ. ಪೆನ್ಸಿಲ್ಲನ್ನು ಕೆತ್ತಿ ಹೊಸ ಮೊನೆ ಮಾಡಿಕೊಂಡರೆ ಪರವಾಗಿಲ್ಲ, ಜೆಲ್ ಮಾತ್ರ ಹಂಚಿಕೊಳ್ಳಬೇಡಿ. ಕಡ್ಡಿ ಮತ್ತೆ ಬಾಟಲಿಯೊಳಗೆ ಹೋಗುತ್ತದೆ. ಕಣ್ಣು ಕೆಂಪಾಗಿ ಅಂಟಿಕೊಳ್ಳುವ ಕಾಯಿಲೆ ಬಂದಿದ್ದರೆ ಆ ಸಮಯದಲ್ಲಿ ಬಳಸಿದ್ದನ್ನು ಬಿಸಾಡಿ.

ಬ್ರಷ್, ಸ್ಪೂಲಿಗಳನ್ನು ವಾರಕ್ಕೊಮ್ಮೆ ಶಾಂಪೂ ನೀರಲ್ಲಿ ತೊಳೆದು ಮಲಗಿಸಿ ಒಣಗಿಸಿ. ನಿಲ್ಲಿಸಿ ಒಣಗಿಸಿದರೆ ನೀರು ಹಿಡಿಯೊಳಗೆ ಇಳಿದು ಕೂದಲಿನ ಅಂಟು ಬಿಡುತ್ತದೆ. ಬೇಸಿಗೆಯಲ್ಲಿ ಮರದ ಪೆನ್ಸಿಲ್ ಮೆತ್ತಗಾಗಿ ಕೆತ್ತುವಾಗ ಮುರಿಯುತ್ತಿದ್ದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಕೆತ್ತಿ. ಪೌಡರ್ ಡಬ್ಬಿಯ ಮೇಲೆ ಮುಖದ ಎಣ್ಣೆ ಸೇರಿ ಹೊಳೆಯುವ ಗಟ್ಟಿ ಪದರ ಕಟ್ಟಿದ್ದರೆ, ತಾರೀಖು ಇನ್ನೂ ಮುಗಿಯದಿದ್ದರೆ, ಎಸೆಯಬೇಕಾಗಿಲ್ಲ. ಒಂದು ತುಂಡು ಸೆಲ್ಲೋಟೇಪ್ ಮೆತ್ತಗೆ ಅಂಟಿಸಿ ಎತ್ತಿ. ಪದರ ಟೇಪಿಗೆ ಬರುತ್ತದೆ, ಕೆಳಗಿನ ಪೌಡರ್ ಮತ್ತೆ ಬ್ರಷ್‌ಗೆ ಹತ್ತುತ್ತದೆ.